ಎರಡು ದಿನ ಬಿಡಮ್ಮ

ಮಾರ್ಚ್ 4, ಸೋಮವಾರ, ಬೆಳಿಗ್ಗೆ 8.20
ಆಸ್ಪತ್ರೆ ಲ್ಯಾಬ್ ಬಾಗಿಲು ತೆಗೆದೆ. ಎಸಿ, ಪ್ರಿಂಟರ್, ಸರ್ವರ್ — ಎಲ್ಲ ಆನ್. ರಿಪೋರ್ಟ್ ಮಾತ್ರ ಒಂದೂ ಇಲ್ಲ. ನಾಲ್ಕು ವರ್ಷದ್ದು, ಗುಡಿಸಿ ಹಾಕಿದ ಹಾಗೆ. ಬ್ಯಾಕಪ್ಪೂ ಖಾಲಿ. ಹೊರಗೆ ಆಗಲೇ ಕ್ಯೂ.

ಮಧ್ಯಾಹ್ನ
ಮೂರು ಆಪರೇಷನ್ ಮುಂದಕ್ಕೆ ಹೋದವು. ಕೀಮೋಗೆ ಬಂದ ಅಜ್ಜಿಗೆ ಮತ್ತೆ ರಕ್ತ ಕೊಡಬೇಕು ಅಂದೆ. ನರ ಸಿಗೋದೇ ಇಲ್ಲ ಅವರಿಗೆ. ಸುಮ್ಮನೆ ತೋಳು ಚಾಚಿದರು. ಬೈದಿದ್ದರೆ ವಾಸಿ ಇತ್ತು.
ಯಾರು ಯಾವಾಗ ಒಳಗೆ ಬಂದರು ಅನ್ನೋ ಲಾಗ್ ತೆಗೆದು ನೋಡಿದೆ. ನಿನ್ನೆ ಯಾರೋ ಹೊರಗಿನಿಂದ ಲಾಗಿನ್ ಆಗಿದ್ದಾರೆ. ಯಾರೋ ಏನು... ಭಾವನ ಅಕೌಂಟ್.

ಮಾರ್ಚ್ 5
ಭಾವ, ಅಕ್ಕನ ಗಂಡ. ಈ ಸಿಸ್ಟಮ್ ಕಟ್ಟಿದವರು, ನನಗೆ ಕೆಲಸ ಕಲಿಸಿದವರು. ಹೋದ ತಿಂಗಳು ಮೇಲಿನವರ ಜೊತೆ ಜಟಾಪಟಿ, ಕೆಲಸದಿಂದ ತೆಗೆದರು. ಅವರ ಅಕೌಂಟ್ ಮುಚ್ಚು ಅಂತ ಮೇಲಿನವರು ನನಗೇ ಹೇಳಿದ್ದರು. "ಎರಡು ದಿನ ಬಿಡಮ್ಮ, ನನ್ನ ಫೈಲ್ ತಗೋತೀನಿ" ಅಂದರು ಭಾವ. ಬಿಟ್ಟೆ. ಆಮೇಲೂ ಮುಚ್ಚಲು ಕೈ ಬರಲಿಲ್ಲ.
ಸಂಜೆ ಅವರ ಮನೆಗೆ ಹೋದೆ. ಸುತ್ತಿ ಬಳಸದೆ ಒಪ್ಪಿಕೊಂಡರು. ಬೀಗ ಒಡೆದಿಲ್ಲ, ಪಾಸ್‌ವರ್ಡ್ ತನ್ನದೇ, ಅಪರಾಧ ಹೇಗೆ ಅಂತ ವಾದ. "ನಾನು ಕಟ್ಟಿದ್ದು, ನಾನೇ ಕೆಡವಿದೆ."
"ಒಳಗೆ ಜನ ಇದ್ದರು, ಭಾವ."
ಲಾಗ್ ಅಳಿಸೋಕೆ ಆಗಲ್ವಾ ಅಂತ ಅಕ್ಕ ಕೇಳಿದಳು. ಆಗುತ್ತೆ. ಎರಡು ನಿಮಿಷದ ಕೆಲಸ.

ಮಾರ್ಚ್ 7
ಪೊಲೀಸರಿಗೆ ಲಾಗ್ ಕೊಟ್ಟೆ. ಪಾಸ್‌ವರ್ಡ್ ನಡೆದರೆ ಅನುಮತಿ ಇದ್ದ ಹಾಗಲ್ಲ, ಅನುಮತಿ ಇಲ್ಲದೆ ಹೋಗಿ ಅಳಿಸಿದರೆ ಜೈಲೇ ಅಂದರು ಇನ್‌ಸ್ಪೆಕ್ಟರ್. ಅಕೌಂಟ್ ಯಾಕೆ ತೆರೆದಿತ್ತು ಅಂತ ಕೇಳಿದರು. ಮರೆತೆ ಅಂದೆ. ಸುಳ್ಳು.

ಜೂನ್ 19
ಭಾವ ಜಾಮೀನಿನ ಮೇಲಿದ್ದಾರೆ. ಅಕ್ಕ ಫೋನ್ ಎತ್ತಲ್ಲ. ಹಳೇ ರಿಪೋರ್ಟ್‌ಗಳನ್ನ ರೋಗಿಗಳ ಹತ್ತಿರ ಉಳಿದ ಕಾಗದ ನೋಡಿ ಒಂದೊಂದೇ ಟೈಪ್ ಮಾಡ್ತಿದೀನಿ.

ಜೂನ್ 26, ಕೋರ್ಟಿಂದ ಬಂದು
ಗೊತ್ತಿದ್ದೇ ಅಕೌಂಟ್ ಮುಚ್ಚಲಿಲ್ಲವಾ ಅಂತ ಭಾವನ ವಕೀಲರು ಕೇಳಿದರು. ಹೌದು ಅಂದರೆ ನನ್ನ ಕೆಲಸಕ್ಕೆ ಕುತ್ತು. ಭಾವನ ಕಡೆ ನೋಡಿದೆ. ಬೇಡ ಅನ್ನೋ ಹಾಗೆ ತಲೆ ಆಡಿಸಿದರು. ನಾನು ಹೌದು ಅಂದರೆ ಅನುಮತಿ ಇತ್ತು ಅಂತ ಅವರಿಗೇ ಅನುಕೂಲ, ಆದರೂ.
ಹೇಳಿದೆ. ಫೈಲ್ ತಗೊಳ್ಳೋಕೆ ಬಿಟ್ಟೆ, ಅಳಿಸೋಕಲ್ಲ. ಪೊಲೀಸರಿಗೆ ಸುಳ್ಳು ಹೇಳಿದ್ದನ್ನೂ ಹೇಳಿದೆ. ಭಾವ ಮುಖ ಮುಚ್ಚಿಕೊಂಡರು.
ಸಂಜೆಗೇ ಆಸ್ಪತ್ರೆಯಿಂದ ಮೆಸೇಜ್. ನಾಳೆಯಿಂದ ಬರಬೇಡಿ. ಅಳು ಬರುತ್ತೆ ಅಂದುಕೊಂಡೆ, ಬರಲಿಲ್ಲ. ಎದೆ ಮೇಲಿಂದ ಏನೋ ಇಳಿದ...
ಬಾಗಿಲು ತಟ್ಟಿದ ಸದ್ದು. ಅಕ್ಕನ ದನಿ. ನನ್ನ ಹೆಸರು ಹಿಡಿದು ಕರೀತಿದಾಳೆ, ಬೈಯೋಕೋ ಏನೋ ಗೊತ್ತಾಗ್ತಿಲ್ಲ. ಎದ್ದು ಬಾಗಿಲು ತೆಗೀತೀನಿ.