ಒಂದೇ ಪಂಪ್‌ಹೌಸನ್ನು ಮೂರು ಬಣ ಉಡಾಯಿಸಿದ ಬಗ್ಗೆ

ಗಡಿಯಾಚೆಯಿಂದ ನಮ್ಮ ಬಂಡುಕೋರರನ್ನು ಸಾಕಿದ ನೆರವು ಕಚೇರಿಯ ಮುಖ್ಯಸ್ಥರಿಗೆ,

ಮಾನ್ಯರೇ,

2014ರ ಜೂನ್‌ನಲ್ಲಿ, ನಮ್ಮ ಹೌರಾನ್ ಬಯಲಿನಲ್ಲಿ ಗೋಧಿ ಕೊಯ್ಲು ನಡೆದಿದ್ದ ವಾರ, ನೀವು ಕಳಿಸಿದ ಕ್ಷಿಪಣಿಯೊಂದು ತಲ್ ಸಮ್ರಾ ಊರಿನ ಪಂಪ್‌ಹೌಸನ್ನು ಪುಡಿ ಮಾಡಿತು. ಒಳಗೆ ಮೋಟಾರಿಗೆ ಎಣ್ಣೆ ಬಿಡುತ್ತಿದ್ದ ನನ್ನ ತಂಗಿ ಫಿದ್ದಾಳ ಗಂಡ ನಹಾರ್ ಸತ್ತ. ಅಲ್ಲಿ ಬೀಡುಬಿಟ್ಟಿದ್ದ ಸರ್ಕಾರಿ ಸೈನಿಕರು ಹತ್ತು ದಿನ ಮೊದಲೇ ಹೊರಟುಹೋಗಿದ್ದರು. ಅವಸರದಲ್ಲಿ ಬಾವುಟ ಮಾತ್ರ ಬಿಟ್ಟಿದ್ದರು. ನಿಮಗೆ ಕಳಿಸುವ ವಿಡಿಯೋಗೆ ಆ ಬಾವುಟವೇ ಸಾಕಿತ್ತು.

ನಿಮ್ಮ ನಿಯಮ ನಮ್ಮ ಕುರಿ ಕಾಯುವವರಿಗೂ ಬಾಯಿಪಾಠವಾಗಿತ್ತು. ದಾಳಿಯ ವಿಡಿಯೋ ಕಳಿಸಬೇಕು, ಹಾರಿಸಿದ ಕ್ಷಿಪಣಿಯ ಖಾಲಿ ಕೊಳವೆಯನ್ನು ವಾಪಸು ಕೊಡಬೇಕು, ಆಮೇಲೆ ಕ್ಷಿಪಣಿಗಳ ಮುಂದಿನ ಪೆಟ್ಟಿಗೆ. ಎಷ್ಟು ಶಿಸ್ತು! ನಮ್ಮ ಬಯಲಿನಲ್ಲಿ ಸಿಂಹಗಳನ್ನು ಕಂಡವರೇ ಇರಲಿಲ್ಲ. ನಿಮ್ಮ ಪೆಟ್ಟಿಗೆಗಳು ಬಂದದ್ದೇ ತಡ, ಗೆಲುವಿನ ಸಿಂಹಗಳು, ಬಯಲಿನ ಸಿಂಹಗಳು, ಗಡಿಯ ಸಿಂಹಗಳು ಎಂದು ಊರಿಗೊಂದು ಬಣ ಹುಟ್ಟಿತು. ಅಂದು ಮೂರೂ ಬಣದವರು ಮೂರು ದಿಕ್ಕಿನಿಂದ ಅದೇ ಹೊಗೆಯನ್ನು ಚಿತ್ರಿಸಿ, "ನಾವೇ ಹೊಡೆದೆವು" ಎಂದು ಕೂಗಿ ನಿಮಗೆ ಕಳಿಸಿದರು. ನೀವು ಮೂವರಿಗೂ ಪೆಟ್ಟಿಗೆ ಕಳಿಸಿದಿರಿ. ಇದ್ದದ್ದು ಒಂದೇ ಪಂಪ್‌ಹೌಸ್. ನಿಮ್ಮ ಕಚೇರಿಯ ಲೆಕ್ಕದಲ್ಲಿ ಅದು ಮೂರು ಸಲ ಬಿತ್ತು. ದಾಳಿಯ ದಿನ ಸಂಜೆಯೇ ನಹಾರ್‌ನ ಹೆಣ ಸಿಕ್ಕಿತ್ತು. ಆ ಗಳಿಗೆಯಿಂದ ಊರವರೆದುರು ಮೂವರೂ, "ನಾವಲ್ಲ, ಅವರು" ಎಂದರು. ಮುಂದಿನ ವರ್ಷ ಸಿಂಹಗಳು ಒಂದನ್ನೊಂದು ಕಚ್ಚಿಕೊಂಡು ಸತ್ತವು. ಅದಕ್ಕೂ ನಿಮ್ಮ ಪೆಟ್ಟಿಗೆಗಳೇ ಒದಗಿದವು.

ನಮ್ಮಲ್ಲಿ ಕೊಲೆಗೂ ಕೊನೆಯೊಂದಿದೆ, ಮಾನ್ಯರೇ. ಕೊಂದವನ ಕಡೆಯ ಹಿರಿಯರು ಸತ್ತವನ ಮನೆಯ ಚಾವಡಿಗೆ ಬರುತ್ತಾರೆ. ಮುಂದಿಟ್ಟ ಕಹಿ ಕಾಫಿಯನ್ನು ಮುಟ್ಟದೆ, "ನಮ್ಮ ಕೈಯಿಂದಾಯಿತು" ಎಂದು ಎಲ್ಲರೆದುರು ಒಪ್ಪಿಕೊಳ್ಳುತ್ತಾರೆ. ಮನೆಯವರು "ಕುಡಿಯಿರಿ" ಎಂದರೆ ವೈರ ಮುಗಿಯಿತು. ಹೆಣ್ಣು ಕೇಳಲು ಬಂದವರೂ ಹೀಗೆಯೇ, ಒಪ್ಪಿಗೆ ಸಿಗುವ ತನಕ ಬಟ್ಟಲು ಮುಟ್ಟುವುದಿಲ್ಲ.

ಕಳೆದ ಚಳಿಗಾಲದಲ್ಲಿ ಪಕ್ಕದ ಐನ್ ಹಜಲ್ ಊರಿನ ಹಾಜಿ ದೋಖಾನ್ ನಮ್ಮ ಚಾವಡಿಗೆ ಬಂದರು. ಮೊಮ್ಮಗ ಸತ್ತಾಮ್‌ಗೆ ನಹಾರ್‌ನ ಮಗಳು ರಬಾಬ್ ಬೇಕಿತ್ತು. ರಬಾಬ್‌ಗೂ ಅವನೇ ಬೇಕಿತ್ತು. ಕಾಫಿ ಇಟ್ಟೆವು. ಬಾಗಿಲಲ್ಲಿ ನಿಂತಿದ್ದ ಫಿದ್ದಾ ಕೇಳಿದಳು:

"ಹುಡುಗ ಒಳ್ಳೆಯವನೇ, ಹಾಜಿ. ಮೊದಲು ಇದು ಹೇಳಿ. ನನ್ನ ಗಂಡನ್ನ ಕೊಂದಿದ್ದು ನಿಮ್ಮೂರಿನವರಾ?"

"ದೇವರಾಣೆಗೂ ಅಲ್ಲ ತಾಯಿ."

"ವಿಡಿಯೋದಲ್ಲಿ ಕುಣಿದಿದ್ದು ನಿಮ್ಮ ಮಗನೇ ಅಲ್ವಾ?"

"ಕುಣಿದ, ಪುಣ್ಯಾತ್ಮ. ಹೊಗೆ ಕಂಡ ಕಡೆ ಓಡಿಹೋಗಿ ಕುಣಿಯೋದೇ ಆಗ ಅವರ ಕೆಲಸ. ಕ್ಷಿಪಣಿ ಹಾಗಿರ್ಲಿ, ಅವನ ಕಾಲಲ್ಲಿ ನೆಟ್ಟಗೆ ಚಪ್ಪಲಿ ಇರ್ಲಿಲ್ಲ. ಈಗ ಅವನನ್ನೇ ಕೇಳೋಣ ಅಂದ್ರೆ ಅವನೂ ಮಣ್ಣಲ್ಲಿದ್ದಾನೆ."

"ಚಪ್ಪಲಿ ಇರ್ಲಿಲ್ಲ ಅಂತ ಮೂರೂರಿನವರೂ ಹೇಳ್ತಾರೆ."

"ಒಪ್ಕೊಂಡವರನ್ನ ಕ್ಷಮಿಸ್ತೀಯಾ?"

"ಕ್ಷಮಿಸ್ತೀನಿ. ಆದ್ರೆ ಯಾರನ್ನ?"

ಹಾಜಿ ಗಡ್ಡ ನೀವಿಕೊಂಡರು. "ಹಾಗಾದ್ರೆ ನಾವೇ ಮಾಡಿದ್ದು ಅಂದ್ಕೋ. ಮುಗಿಸೋಣ."

"ಬೇಡ ಹಾಜಿ. ಆವತ್ತು ಪೆಟ್ಟಿಗೆಗೋಸ್ಕರ ಸುಳ್ಳು ಹೇಳಿದ್ರಿ, ಇವತ್ತು ಹುಡುಗಿಗೋಸ್ಕರ ಹೇಳ್ತಿದ್ದೀರಿ. ನನ್ನ ಗಂಡ ಸತ್ತಿದ್ದು ಮಾತ್ರ ನಿಜ."

ಬಟ್ಟಲು ಇಟ್ಟಲ್ಲೇ ಆರಿತು. ಒಳಗೆ ರಬಾಬ್ ಅಳುವುದು ಚಾವಡಿಯವರೆಗೂ ಕೇಳಿಸುತ್ತಿತ್ತು.

ಈಗ ನಿಮ್ಮ ವಿಷಯಕ್ಕೆ ಬರೋಣ. ವಿಡಿಯೋ ಮೂರು ಬಂದಿರಬಹುದು, ಹಾರಿದ ಕ್ಷಿಪಣಿ ಒಂದೇ. ಹಾಗಿದ್ದರೆ ನಿಮಗೆ ವಾಪಸು ಬಂದ ಕೊಳವೆಯೂ ಒಂದೇ ಅಲ್ಲವೇ? ಇಬ್ಬರು ಸುಳ್ಳುಗಾರರೆಂದು ನಿಮಗೆ ಅಂದೇ ತಿಳಿದಿರಲಿಲ್ಲವೇ? ತಿಳಿದೂ ಸುಳ್ಳಿಗೆ ಬಹುಮಾನ ಕೊಟ್ಟಿರೋ, ಅಥವಾ ಎಣಿಸಲು ಬಾರದ ಕೈಗೆ ನಿಮ್ಮ ದೇಶ ಕ್ಷಿಪಣಿಗಳನ್ನು ಒಪ್ಪಿಸಿತ್ತೋ? ಎರಡರಲ್ಲಿ ಯಾವುದನ್ನು ಒಪ್ಪಿಕೊಂಡರೆ ನಿಮ್ಮ ಗೌರವ ಉಳಿಯುತ್ತದೆ, ನೀವೇ ಆರಿಸಿಕೊಳ್ಳಿ. ನಾನು ಎರಡು ಸಲ ಖಾಸಗಿಯಾಗಿ ಬರೆದೆ. "ಸದರಿ ಯೋಜನೆ ಮುಕ್ತಾಯಗೊಂಡಿದೆ" ಎಂಬ ಒಂದು ಸಾಲು ಬಂತು. ಅಭಿನಂದನೆಗಳು. ನಿಮ್ಮ ಕಡತ ಕಟ್ಟಿ ಕಪಾಟು ಸೇರಿತು. ನಮ್ಮ ಮೂರು ಊರುಗಳು ಒಂದರ ಮದುವೆಗೆ ಇನ್ನೊಂದು ಹೋಗದೆ ಹತ್ತು ವರ್ಷ ದಾಟಿತು. ಮುಕ್ತಾಯ ಎಂದರೆ ನಿಮ್ಮ ನಿಘಂಟಿನಲ್ಲಿ ಇದೇ ಏನು?

ಪರಿಹಾರ ಬೇಡ. ನಿಮ್ಮ ವಿಷಾದವನ್ನಂತೂ ನೀವೇ ಇಟ್ಟುಕೊಳ್ಳಿ. ಕೊಯ್ಲಿಗೆ ಮೊದಲು ಇನ್ನೊಮ್ಮೆ ಬರುತ್ತೇನೆಂದು ಹಾಜಿ ದೋಖಾನ್ ಹೇಳಿಹೋಗಿದ್ದಾರೆ. ಅವರ ಮುಂದೆ ನಾವು ಕಾಫಿ ಇಡುವ ಮೊದಲು, ಆ ಕೊಳವೆಯನ್ನು ನಿಮಗೆ ತಂದೊಪ್ಪಿಸಿದ ಬಣ ಯಾವುದೆಂದು, ಮೂರೂ ಊರಿನವರು ಓದುವಂತೆ ಬಹಿರಂಗವಾಗಿ ಉತ್ತರಿಸಿ.

ಇಂತಿ,
ಮುಫ್ಲಿಹ್ ಶ್ತೇವಿ
ತಲ್ ಸಮ್ರಾ
(ನಿವೃತ್ತ ಇತಿಹಾಸ ಮೇಷ್ಟ್ರು, ಕೊಂದವನು ಮೂವರಲ್ಲಿ ಯಾವ ಬಣದವನಾಗಿದ್ದರೂ ಅವನಿಗೆ ಪಾಠ ಹೇಳಿದವನು)