ಚಿಹಾರುವಿನ ಶೂಗಳಿಗೆ ಕುಂಕುಮ

30 ಸೆಪ್ಟೆಂಬರ್ 2017, ಶನಿವಾರ, ವಿಜಯದಶಮಿ. ಹ್ಯೂಸ್ಟನ್.

ನಿನ್ನೆ ಆಯುಧಪೂಜೆಯಲ್ಲಿ ಚಿಹಾರುವಿನ ಶೂಗಳನ್ನು ದೂರ ಇಡಿಸಿದ್ದು ಇವತ್ತೆಲ್ಲ ಕೊರೆಯಿತು. ಮೂರು ವರ್ಷದಿಂದ ನಮ್ಮ ಮಹಡಿಯ ಕೋಣೆಯಲ್ಲಿದ್ದುಕೊಂಡು ಇಲ್ಲಿನ ಹೆಂಗಸರ ಫುಟ್‌ಬಾಲ್ ತಂಡಕ್ಕೆ ಆಡುವ ಜಪಾನಿನ ಹುಡುಗಿ. ಮಗನ ಕಾರಿಗೆ, ಲ್ಯಾಪ್‌ಟಾಪಿಗೆ ಕುಂಕುಮ ಇಡುತ್ತಿದ್ದಾಗ ಶೂ ತೊಳೆದು ತಂದು, "ಅಜ್ಜಿ, ಇದಕ್ಕೂ?" ಎಂದಳು. "ದೇವರ ಮುಂದೆ ಶೂ ಬೇಡ" ಎಂದೆ. ತಲೆ ಬಾಗಿಸಿ ಒಯ್ದಳು.

ಮೊಮ್ಮಗಳು ಸಂಹಿತಾ ಬಿಡಲಿಲ್ಲ. "ಕಾರ್ ಟೈರ್‌ಗೆ ನಿಂಬೆಹಣ್ಣು ಓಕೆ, ಶೂ ನಾಟ್ ಓಕೆ? ದಟ್ಸ್ ನಾಟ್ ಫೇರ್, ಅಜ್ಜಿ."

ಈ ಮನೆಯಲ್ಲಿ ನನ್ನನ್ನು ಕಾರಣ ಕೇಳುವ ಪದ್ಧತಿಯಿಲ್ಲ.

ಇವತ್ತು ಚಿಹಾರುವಿನ ಕಡೆಯ ಪಂದ್ಯ. ಹದಿನಾಲ್ಕು ವರ್ಷ ಆಡಿದ್ದಾಳೆ. ಜಪಾನಿನಲ್ಲಿ ಹಗಲು ಅಂಗಡಿಯಲ್ಲಿ ದುಡಿದು ಸಂಜೆ ಆಡುತ್ತಿದ್ದಳಂತೆ. ಇಲ್ಲಿ ಮಂಡಿಗೆ ಎರಡು ಸಲ ಆಪರೇಷನ್ ಆಯಿತು. ಅವಳು ಗೋಲು ಹೊಡೆಯುವವಳಲ್ಲ, ಹೊಡೆಯಲು ಬಂದವರನ್ನು ತಡೆಯುವವಳು. ಇವತ್ತೂ ಒಬ್ಬಳನ್ನೂ ಬಿಡಲಿಲ್ಲ. ಎಲ್ಲ ಮುಗಿದ ಮೇಲೆ ಖಾಲಿ ಮೈದಾನಕ್ಕೆ ಬಗ್ಗಿ ನಮಸ್ಕರಿಸಿದಳು. ಪಕ್ಕದಲ್ಲಿ ಕೂತಿದ್ದ ಹೆಂಗಸು ಕೇಳದಿದ್ದರೂ, "ಶೀ ಈಸ್ ಫ್ರಮ್ ಮೈ ಹೌಸ್" ಎಂದೆ.

ಮನೆಗೆ ಬಂದವಳೇ ದಸರಾ ಗೊಂಬೆಗಳ ಮುಂದೆ ಮಣೆ ಹಾಕಿದೆ. "ಶೂ ತಗೊಂಡು ಬಾ."

"ಅಜ್ಜಿ, ತೊಳೆದಿಲ್ಲ."

"ಹಾಗೇ ತಾ."

ಹುಲ್ಲು ಮೆತ್ತಿಕೊಂಡಿತ್ತು. ಅದರ ಮೇಲೆಯೇ ಅರಿಶಿನ, ಕುಂಕುಮ ಇಟ್ಟೆ. ಸಂಹಿತಾ ನಗುತ್ತಿದ್ದಳು, ನೋಡಿಯೇ ಸುಮ್ಮನಾಗಿಸಿದೆ. ತಪ್ಪಾಯಿತು ಎನ್ನಲು ನನಗೆ ಬಾಯಿ ಬರುವುದಿಲ್ಲ. ಚಿಹಾರು ಅದನ್ನು ಕಾಯಲೂ ಇಲ್ಲ, ನನಗೂ ಒಮ್ಮೆ ಬಗ್ಗಿದಳು.

ಗುರುವಾರ ಅವಳ ವಿಮಾನ. ಅಲ್ಲಿಯವರೆಗೆ ಶೂ ಗೊಂಬೆಗಳ ಪಕ್ಕದಲ್ಲೇ ಇರಲಿ. ನಾಳೆ ಅರಿಶಿನ ಕುಂಕುಮಕ್ಕೆ ಬರುವವರು ಇದು ಯಾರದೆಂದು ಕೇಳಲಿ. ಕೇಳದಿದ್ದರೆ ನಾನೇ ಹೇಳುತ್ತೇನೆ.