ಹೊದಿಕೆಯೊಳಗಿನ ಸೇವಂತಿಗೆ

ಅತ್ತಿಗೆಗೆ ನಮಸ್ಕಾರ.

ನಿಮ್ಮ ತಮ್ಮನ ಮಂಡಿ ಆಪರೇಷನ್ ಚೆನ್ನಾಗಿ ಆಯಿತು, ಹೊಲಿಗೆಯೂ ಬಿಚ್ಚಿದರು. ನಡೆಯಿರಿ ಎಂದು ಡಾಕ್ಟರು ಹೇಳಿ ಹೇಳಿ ಸೋತರು; ಇವರು ಮಂಚ ಬಿಟ್ಟು ಏಳಲೇ ಇಲ್ಲ. ಈ ಹಟ ಯಾರ ಮನೆಯದೆಂದು ನಿಮಗೆ ಬೇರೆ ಹೇಳಬೇಕೆ?

ಕಿಟಕಿಯಾಚೆ ಆಸ್ಪತ್ರೆಯ ತೋಟವಿದೆ. ಎಲೆ ಉದುರಿ ಗಿಡಗಳೆಲ್ಲ ಬೋಳಾಗಿವೆ, ಒಂದು ಪಾತಿ ಸೇವಂತಿಗೆ ಮಾತ್ರ ಈಗ ಅರಳುತ್ತಿದೆ. ರಾತ್ರಿಯ ಚಳಿಗೆ ಮೊಗ್ಗು ಕಪ್ಪಾಗದಿರಲೆಂದು ಮಾಲಿ ಸಂಜೆ ಹಳೆಯ ಬೆಡ್‌ಶೀಟು ಹೊದಿಸಿ, ಬೆಳಿಗ್ಗೆ ತೆಗೆಯುತ್ತಾನೆ. ಮಲಗಿದಲ್ಲಿಂದಲೇ ಅದನ್ನು ನೋಡುವುದು ಇವರ ದಿನದ ಕೆಲಸ.

ಇವತ್ತು ಬಿಸಿಲೇರಿದರೂ ಮಾಲಿಯ ಸುಳಿವಿರಲಿಲ್ಲ. "ಹೂವಿಗೆ ಉಸಿರು ಕಟ್ಟುತ್ತೆ, ಇಲ್ಲಿ ಯಾರಿಗೂ ಜವಾಬ್ದಾರೀನೇ ಇಲ್ಲ" ಎಂದು ಗೊಣಗುತ್ತಿದ್ದರು. ನಾನು ಕಾಫಿ ತರುವಷ್ಟರಲ್ಲಿ ಮಂಚ ಖಾಲಿ. ಹೊರಗೆ ನೋಡಿದರೆ, ವಾಕರನ್ನು ಪಕ್ಕಕ್ಕಿಟ್ಟು, ಬೆಡ್‌ಶೀಟನ್ನು ಅಂಚಿಗೆ ಅಂಚು ಕೂಡಿಸಿ ಮಡಿಸುತ್ತಿದ್ದಾರೆ. ಮನೆಯಲ್ಲಿ ಒಂದು ಟವೆಲ್ ಮಡಿಸಿದವರಲ್ಲ.

ನಾನು ನೋಡಿಯೂ ನೋಡದವಳಂತೆ ಇದ್ದುಬಿಟ್ಟೆ. ಅಂದಹಾಗೆ, ನೀವು ಇವರಿಗೆ ಕಳಿಸುತ್ತೇನೆಂದ ಸ್ವೆಟರ್ ಬೇಡ, ಇಲ್ಲಿ ಬೇಕಾದಷ್ಟಿದೆ.

ಮಧ್ಯಾಹ್ನ ಮಾಲಿ ಬಂದು ಪೇಚಾಡಿಕೊಂಡ. "ಬಸ್ಸು ತಪ್ಪಿಹೋಯ್ತು ಅಮ್ಮಾ. ನಾಳೆ ಬೇಗ ಬರ್ತೀನಿ."

"ಬೇಡಪ್ಪ," ಎಂದೆ, "ನಾಳೇನೂ ತಡವಾಗೇ ಬಾ."

ನಿಮ್ಮ ತಮ್ಮನ ಹೆಂಡತಿ